ಪರದೇಶವಾಸವೂ ಪರಭಾಷೆಯ ಅಭ್ಯಾಸವೂ

ಭೀಮೆಯ ದಂಡೆಗೆ ಇಂಡಿ, ಸಿಂದಗಿ. ಕೃಷ್ಣೆಯ ಮಗ್ಗುಲಿಗೆ ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ತಾಲೂಕುಗಳ ಎರೆಭೂಮಿ ಒಳ್ಳೆಯ ಜೋಳವನ್ನು ಬೆಳೆಯಬಲ್ಲದಾದರೂ, ಅದಕ್ಕೆ ತಕ್ಕ ಮಳೆಯನ್ನು ಮುಗಿಲು ವರ್ಷವರ್ಷವೂ ತಪ್ಪದೆ ಕೊಟ್ಟದ್ದಿಲ್ಲವಾದ ಕಾರಣ, ಊರು ಬಿಟ್ಟು ದುಡಿಯುವುದೂ ಊರು ಬಿಟ್ಟು ಕಲಿಯುವುದೂ ಇಲ್ಲಿಯ ಜನಕ್ಕೆ ತಲೆಮಾರುಗಳಿಂದ ರೂಢಿಯಾಗಿ ಬಂದಿದೆ. ಹಿಂದೆ ಸೊಲ್ಲಾಪುರ, ಪುಣೆ, ಮುಂಬಯಿಗಳಿಗೆ ಹೋದವರ ಮೊಮ್ಮಕ್ಕಳು ಇಂದು ಜರ್ಮನಿಗೂ ಜಪಾನಿಗೂ ಹೋಗುತ್ತಿದ್ದಾರೆ. ಹೊರಟು ನಿಂತವನಿಗೆ ಮನೆಯ ಹಿರಿಯರು ಕೇಳುವ ಮೊದಲ ಮಾತು, "ಅಲ್ಲಿ ಉಣ್ಣಾಕ ಏನ್ ಮಾಡ್ತೀ ತಮ್ಮಾ?" ಎಂಬುದು. ಅನ್ನದ ಚಿಂತೆ ಹೇಗೋ ತೀರುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿಗಳ ಗಂಟು ಕಟ್ಟಿಕೊಟ್ಟರೆ ಒಂದೆರಡು ತಿಂಗಳ ಮಟ್ಟಿಗೆ ನಿಶ್ಚಿಂತೆ. ಗಂಟು ಕಟ್ಟಿ ಕೊಡಲಾಗದ್ದು ಮಾತು ಒಂದೇ.

ಅಪರಿಚಿತ ನಾಡಿನಲ್ಲಿ ನೆಲೆಸಹೋದವನ ಮುಂದೆ ಆ ನಾಡಿನ ಭಾಷೆ ಪರಸ್ಪರ ವಿರುದ್ಧವಾದ ಎರಡು ಬೇಡಿಕೆಗಳನ್ನು ಒಮ್ಮೆಲೇ ಇಡುವಂತೆ ತೋರುತ್ತದೆ. ವ್ಯಾಕರಣ, ಶಬ್ದಸಂಗ್ರಹ, ಲಿಪಿ ಇವುಗಳಿಗೆ ಏಕಾಂತದ ಗಂಟೆಗಳು ಬೇಕು. ಒಂಟಿಯಾದ ಮನಸ್ಸಿಗೋ ಜನ ಬೇಕು, ನಗೆಮಾತು ಬೇಕು, ರವಿವಾರ ಸಂಜೆ ಕೂಡಿ ಉಣ್ಣುವ ನಾಲ್ಕು ಮಂದಿ ಬೇಕು. ದಿನದಲ್ಲಿರುವ ಹೊತ್ತು ಇಷ್ಟೇ ಆದುದರಿಂದ, ಒಂದಕ್ಕೆ ಕೊಟ್ಟದ್ದೆಲ್ಲ ಇನ್ನೊಂದರಿಂದ ಕಿತ್ತುಕೊಂಡದ್ದೆಂದು ಲೆಕ್ಕ ಹಾಕುವವರೇ ಬಹಳ. ಈ ಲೆಕ್ಕದ ಬುಡದಲ್ಲಿಯೇ ಒಂದು ತಪ್ಪು ಸೇರಿಕೊಂಡಿದೆಯೆಂದು ನನ್ನ ಅಭಿಪ್ರಾಯ. ಅದನ್ನು ಕಾಣಿಸಬೇಕಾದರೆ ಜರ್ಮನಿಗಿಂತ ಮೊದಲು ಪುಣೆಗೆ, ಪುಣೆಗಿಂತ ಮೊದಲು ಹೋಟಗಿ ಜಂಕ್ಷನ್ನಿಗೆ ಹೋಗಬೇಕಾಗುತ್ತದೆ.

ಗದಗಿನಿಂದ ವಿಜಾಪುರ (ಇಂದಿನ ವಿಜಯಪುರ), ಇಂಡಿ ರೋಡ್ ಮಾರ್ಗವಾಗಿ ಹೋಟಗಿಯನ್ನು ಮುಟ್ಟುವ ಮೀಟರ್ ಗೇಜ್ ರೈಲುಹಾದಿ 1884ರ ಸುಮಾರಿಗೆ ತೆರೆಯಿತು. ಹೋಟಗಿಯಲ್ಲಿ ಸಣ್ಣ ಗಾಡಿಯಿಂದಿಳಿದು ದೊಡ್ಡ ಗಾಡಿ ಹತ್ತಿದರೆ ಮುಂದೆ ಸೊಲ್ಲಾಪುರ, ಪುಣೆ, ಮುಂಬಯಿ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ಆಡಳಿತಕ್ಕೇ ಸೇರಿದ್ದಿತಷ್ಟೆ. ಅಲ್ಲದೆ ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಪ್ರಾರಂಭವಾಗುವ ತನಕ, ಮ್ಯಾಟ್ರಿಕ್ ದಾಟಿ ಮುಂದೆ ಓದಬೇಕೆಂದ ಇಲ್ಲಿಯ ಹುಡುಗನಿಗೆ ಬಹುಮಟ್ಟಿಗೆ ಆ ದೊಡ್ಡ ಗಾಡಿಯೇ ಗತಿ. ಪಾಠ ಇಂಗ್ಲಿಷಿನಲ್ಲಿ, ಬೀದಿ ಮರಾಠಿಯಲ್ಲಿ, ಮನೆಗೆ ಬರೆಯುವ ಕಾಗದ ಕನ್ನಡದಲ್ಲಿ. ಇಂದು ಬರ್ಲಿನ್ನಿನಲ್ಲಿ ಇಂಗ್ಲಿಷ್ ಮಾಧ್ಯಮದ ಸ್ನಾತಕೋತ್ತರ ಪದವಿಗೆ ಓದುತ್ತಿದ್ದು, ಔಷಧದ ಅಂಗಡಿಯಲ್ಲಿ ತಲೆನೋವಿನ ಗುಳಿಗೆ ಕೇಳಲು ತಡವರಿಸುವ ತರುಣನ ಪರಿಸ್ಥಿತಿ ಇದಕ್ಕಿಂತ ಬೇರೆಯಲ್ಲ.

ವಿಜಾಪುರದಲ್ಲಿ 1880ರಲ್ಲಿ ಜನಿಸಿದ ಆಲೂರ ವೆಂಕಟರಾಯರು ಹೀಗೆ ಹೋಟಗಿಯ ಆಚೆಗೆ ಹೋದ ಪೀಳಿಗೆಯವರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪದವಿಯನ್ನೂ ಮುಂಬಯಿಯಲ್ಲಿ ನ್ಯಾಯಶಾಸ್ತ್ರವನ್ನೂ ಓದಿದ ಅವರಿಗೆ ಮರಾಠಿ ಪರೀಕ್ಷೆಯ ವಿಷಯವಾಗಿರಲಿಲ್ಲ. ಅದು 'ಕೇಸರಿ' ಪತ್ರಿಕೆಯ, ಟಿಳಕರ ಸಭೆಗಳ, ಸಮವಯಸ್ಕರ ವಾದವಿವಾದಗಳ ಭಾಷೆ. ಅಂದಿನ ಪುಣೆಯಲ್ಲಿ ಬದುಕುವುದೆಂದರೆ ಈ ಮಾತುಗಳ ನಡುವೆ ಬದುಕುವುದೇ ಆಗಿತ್ತು. ಹಾಗೆಂದು ಬರಿಯ ಒಡನಾಟದಿಂದಲೇ ಎಲ್ಲವೂ ಲಭಿಸಿತೆಂದರೆ ತಪ್ಪಾದೀತು. ಮುಂದೆ ಅವರು ಟಿಳಕರ 'ಗೀತಾರಹಸ್ಯ'ವನ್ನು ಕನ್ನಡಕ್ಕೆ ತಂದರು. ಮೀಮಾಂಸೆ, ವೇದಾಂತ, ಪಾಶ್ಚಾತ್ಯ ನೀತಿಶಾಸ್ತ್ರಗಳನ್ನೆಲ್ಲ ಒಳಗೊಂಡ ಆ ಪ್ರೌಢ ಗ್ರಂಥವನ್ನು ಖಾನಾವಳಿಯ ಮರಾಠಿಯೊಂದನ್ನೇ ನಂಬಿ ಯಾರೂ ಅನುವಾದಿಸಲಾರರು. ಸಭೆಯಲ್ಲಿ ಕಿವಿಗೆ ಬಿದ್ದ ಮಾತು ದೀಪದ ಮುಂದೆ ಓದಿಗೆ ಸಿಕ್ಕಿದಾಗ, ಓದಿದ್ದು ಮರುದಿನ ಮತ್ತೆ ಸಭೆಯಲ್ಲಿ ಪ್ರಯೋಗಕ್ಕೆ ಬಂದಾಗ, ಇಂಥ ಸಿದ್ಧಿ ಉಂಟಾಗುತ್ತದೆ.

ಅದೇ 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಓದಿ, ವಿಜಾಪುರದಲ್ಲಿ ವಕೀಲರಾಗಿ ನೆಲೆಸಿದ ಫ. ಗು. ಹಳಕಟ್ಟಿಯವರ ಪ್ರಸಂಗ ಸ್ವಲ್ಪ ಬೇರೆಯ ತೆರನಾದುದು. ಮುಂಬಯಿಯ ಗುಜರಾತಿ, ಮರಾಠಿ ಸಮಾಜಗಳು ತಮ್ಮ ತಮ್ಮ ಭಾಷೆಯನ್ನು ಎಷ್ಟು ಆಸ್ಥೆಯಿಂದ ಸಾಕುತ್ತಿದ್ದವೆಂಬುದನ್ನು ಹತ್ತಿರದಿಂದ ನೋಡಿದ ಮೇಲೆ ಕನ್ನಡಿಗರ ಉದಾಸೀನ ಅವರನ್ನು ಬಾಧಿಸತೊಡಗಿತು. 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಹೊರಬಂದಿತು. 1926ರಲ್ಲಿ 'ಶಿವಾನುಭವ' ಪತ್ರಿಕೆ ಪ್ರಾರಂಭವಾಯಿತು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದ ಸಂಗತಿ ಈ ಭಾಗದಲ್ಲಿ ಮನೆಮಾತು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ವಚನಗಳು ಓಲೆಗರಿಗಳಿಂದ ಅಚ್ಚಿನ ಪುಟಕ್ಕೆ ಇಳಿಯಲು, ಮುಂಬಯಿಯಲ್ಲಿ ಒಬ್ಬ ಕನ್ನಡ ವಿದ್ಯಾರ್ಥಿ ತನ್ನವರಲ್ಲದವರ ನಡುವೆ ಕಣ್ಣು ತೆರೆದು ಓಡಾಡಿದ್ದೂ ಒಂದು ಕಾರಣವಾಯಿತೆಂಬುದು ಸಣ್ಣ ಸಂಗತಿಯಲ್ಲ. ಕೋಣೆಯ ಕದ ಹಾಕಿಕೊಂಡು ಕಾಯದೆಯ ಪುಸ್ತಕವನ್ನಷ್ಟೇ ಓದಿದ್ದರೆ ವಕೀಲಿಯೇನೋ ದಕ್ಕುತ್ತಿತ್ತು.

ಇದಕ್ಕೆ ಪ್ರತಿಯಾದ ನಿದರ್ಶನ 'ಗೀತಾರಹಸ್ಯ'ದ ಬೆನ್ನಿಗೇ ಇದೆ. 1908ರಲ್ಲಿ ಶಿಕ್ಷೆಗೊಳಗಾಗಿ ಬರ್ಮಾದ ಮಂಡಾಲೆ ಸೆರೆಮನೆಯಲ್ಲಿ ಆರು ವರ್ಷಗಳಷ್ಟು ಕಾಲ ಕಳೆಯಬೇಕಾಗಿ ಬಂದ ಟಿಳಕರು, ಆ ಗ್ರಂಥವನ್ನು ಬರೆದದ್ದಲ್ಲದೆ, ಪುಸ್ತಕಗಳ ಸಹಾಯದಿಂದ ಜರ್ಮನ್, ಫ್ರೆಂಚ್, ಪಾಲಿ ಭಾಷೆಗಳನ್ನೂ ಅಭ್ಯಾಸ ಮಾಡಿದರು. ಏಕಾಂತಕ್ಕೆ ಅಲ್ಲಿ ಕೊರತೆಯಿರಲಿಲ್ಲ. ಆ ಭಾಷೆಗಳನ್ನು ಆಡುವ ಜನ ಮಾತ್ರ ಇರಲಿಲ್ಲ. ಪಂಡಿತನಿಗೆ ಬೇಕಾದದ್ದು ಗ್ರಂಥವಾದಾಗ ಇಷ್ಟು ಸಾಕು, ಅದರಲ್ಲಿ ಅಗೌರವವೇನೂ ಇಲ್ಲ. ಆದರೆ ಮನೆಯ ಮಾಲೀಕನೊಡನೆ ನೀರಿನ ನಳದ ವಿಷಯವಾಗಿ ಜಗಳವಾಡಬೇಕಾದ, ವೈದ್ಯನ ಮುಂದೆ ನೋವು ಎಲ್ಲಿಯೆಂದು ಹೇಳಬೇಕಾದ ಮನುಷ್ಯನಿಗೆ ಈ ಮಾರ್ಗ ಬಹಳ ದೂರ ನಡೆಸಲಾರದು. ಆಶ್ಚರ್ಯವೆಂದರೆ, ಯಾವ ಸೆರೆಯೂ ಇಲ್ಲದ ನಮ್ಮ ಅನೇಕ ವಿದ್ಯಾರ್ಥಿಗಳು ಮೊಬೈಲಿನ ಪಾಠಗಳನ್ನು ಹಾಸಿಗೆಯ ಮೇಲೆ ಮಲಗಿ ಮುಗಿಸುತ್ತ, ತಮಗೆ ತಾವೇ ಒಂದೊಂದು ಮಂಡಾಲೆಯನ್ನು ಕಟ್ಟಿಕೊಳ್ಳುತ್ತಿದ್ದಾರೆ.

ನಮ್ಮವರು ಹೊರಗೆ ಹೋದಂತೆ ಹೊರಗಿನವರು ಇಲ್ಲಿಗೂ ಬಂದರು. ಮುಂಬಯಿ ಸಿವಿಲ್ ಸೇವೆಗೆ ಸೇರಿ 1867ರಲ್ಲಿ ಹಿಂದುಸ್ಥಾನಕ್ಕೆ ಬಂದ ಜಾನ್ ಫೇಯ್ತ್‌ಫುಲ್ ಫ್ಲೀಟನು ನಮ್ಮ ಶಾಸನಗಳನ್ನು ಓದಿದ ವಿದ್ವಾಂಸನೆಂದು ಎಲ್ಲರೂ ಬಲ್ಲರು. ಅಂದಿನ ಅಧಿಕಾರಿಗಳು ದೇಶಭಾಷೆಯ ಪರೀಕ್ಷೆಯೊಂದನ್ನು ಮುಗಿಸಲೇಬೇಕಾಗಿತ್ತು. ಮುಗಿಸಿದವರಲ್ಲಿ ಬಹುಮಂದಿ ಅಲ್ಲಿಗೇ ಕೈತೊಳೆದುಕೊಂಡರು. ಫ್ಲೀಟನೋ, 1885ರಿಂದ ಮುಂದಕ್ಕೆ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಅನುವಾದಸಹಿತ ಅಚ್ಚು ಹಾಕಿಸಿದನು. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯುಂಟು. ಹತಾರ ಕಸಿದುಕೊಳ್ಳಬಂದ ಸರಕಾರದ ವಿರುದ್ಧ 1857ರಲ್ಲಿ ಸಿಡಿದೆದ್ದ ಹಲಗಲಿಯ ಬೇಡರದೂ ಉಂಟು. ತನ್ನ ಸರಕಾರವನ್ನೇ ಎದುರಿಸಿದವರ ಕೀರ್ತಿಯನ್ನು ಆ ಸರಕಾರದ ನೌಕರನ ಮುಂದೆಯೇ ಹಾಡಿಸಿಕೊಳ್ಳಬೇಕಾದರೆ ಶಬ್ದಕೋಶದ ಜ್ಞಾನ ಸಾಲದು. ಹಾಡುವವರಿಗಿದ್ದ ಎದೆಗಾರಿಕೆಯಷ್ಟೇ ಕೇಳುವವನ ಸೈರಣೆಯೂ ದೊಡ್ಡದಾಗಿದ್ದಿರಬೇಕು.

ಬಾಸೆಲ್ ಮಿಶನ್ನಿನ ಪಾದ್ರಿಗಳ ಕಥೆ ಇನ್ನೂ ಬೋಧಪ್ರದ. 1836ರಲ್ಲಿ ಬಂದು, 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ಮೊದಲಿಟ್ಟ ಹರ್ಮನ್ ಮೊಗ್ಲಿಂಗ್ ತನ್ನ ಶಿಷ್ಯರೊಡನೆ ನೆಲದ ಮೇಲೆ ಕುಳಿತು ಅವರ ಊಟವನ್ನೇ ಉಂಡವನು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಹಳ್ಳಿಹಳ್ಳಿಗಳಲ್ಲಿ ಜನರೊಡನೆ ಬೆರೆತದ್ದೂ, ಗ್ರಂಥಗಳಲ್ಲಿ ಮುಳುಗಿದ್ದೂ ಎರಡೂ ಸ್ವಂತ ಬಳಗದವರಿಗೆ ಅಷ್ಟಾಗಿ ರುಚಿಸಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆತನ ಕನ್ನಡ-ಇಂಗ್ಲಿಷ್ ನಿಘಂಟಿನ ಸುಮಾರು 70,000 ಪದಗಳ ನಡುವೆ ಹಳಗನ್ನಡ ಕಾವ್ಯದ ಶಬ್ದಗಳಿರುವಂತೆ ಗಾದೆಗಳೂ ಆಡುಮಾತುಗಳೂ ಎಡೆ ಪಡೆದಿವೆ. ಒಂದನ್ನು ಮೇಜಿನ ಮುಂದೆ ಕುಳಿತು ಸಂಪಾದಿಸಬಹುದು. ಇನ್ನೊಂದಕ್ಕೆ ಜಗುಲಿಯೇ ಬೇಕು. ಕಿಟೆಲ್‌ನಿಗೆ ವೇಳೆಯ ಅಭಾವವಿತ್ತೆಂಬುದಕ್ಕಿಂತ, ತನ್ನ ಬಿಳಿಯ ಬಳಗವನ್ನು ಎಷ್ಟು ಮಟ್ಟಿಗೆ ಬಿಟ್ಟುಕೊಡಬೇಕೆಂಬ ಪ್ರಶ್ನೆಯಿತ್ತೆಂಬುದೇ ನಿಜಕ್ಕೆ ಹತ್ತಿರ.

ನನ್ನ ಮಾತಿನ ತಿರುಳೂ ಇಲ್ಲಿಯೇ ಇದೆ. ಅಭ್ಯಾಸಕ್ಕೂ ಒಡನಾಟಕ್ಕೂ ನಡುವೆ ನಾವು ಕಲ್ಪಿಸಿಕೊಂಡಷ್ಟು ವೈರವಿಲ್ಲ. ತಕ್ಕಡಿಯಲ್ಲಿ ತೂಗಬೇಕಾದದ್ದು ನಮ್ಮವರ ಒಡನಾಟವನ್ನೂ ಆ ನಾಡಿನವರ ಒಡನಾಟವನ್ನೂ. ಮೊದಲನೆಯದು ಸಲೀಸು, ಬೆಚ್ಚಗಿನದು. ಎರಡನೆಯದರಲ್ಲಿ ತಿಂಗಳುಗಟ್ಟಲೆ ಮೂರ್ಖನಂತೆ ಕಾಣಿಸಿಕೊಳ್ಳುವ ಪ್ರಸಂಗವುಂಟು. ತನ್ನ ಊರಿನಲ್ಲಿ ಮಾತುಗಾರನೆನಿಸಿಕೊಂಡವನಿಗೆ ಆ ಅವಮಾನ ಹೆಚ್ಚು ನಾಟುತ್ತದೆ. ಆದ್ದರಿಂದ ಆತ ಅದರಿಂದ ತಪ್ಪಿಸಿಕೊಂಡು ಪುಸ್ತಕದ ಮೊರೆಹೊಕ್ಕು, ತನಗೆ ವೇಳೆಯೇ ಸಾಲದೆಂದು ಹೇಳಿಕೊಳ್ಳುತ್ತಾನೆ.

ಗಡಿನಾಡಿನ ಜನಸಾಮಾನ್ಯರು ಈ ಅವಮಾನವನ್ನು ಗಣಿಸಿದವರಲ್ಲ. ಇಂಡಿಯ ಲಿಂಬೆ ವ್ಯಾಪಾರಿ ಮರಾಠಿಯಲ್ಲಿ ದರ ಕುದುರಿಸಿ, ಹಿಂದಿಯಲ್ಲಿ ಲಾರಿ ಗೊತ್ತು ಮಾಡಿ, ಕನ್ನಡದಲ್ಲಿ ಹಮಾಲರನ್ನು ಗದರಿಸಬಲ್ಲ. ಹನ್ನೆರಡನೆಯ ಶತಮಾನದ ವಚನಕಾರ ಸಿದ್ಧರಾಮನ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಸಂಕ್ರಾಂತಿಯ ಕಾಲದ ಅಲ್ಲಿಯ ಜಾತ್ರೆಯಲ್ಲಿ ಕನ್ನಡ, ಮರಾಠಿ, ತೆಲುಗುಗಳು ಒಂದರ ಹೆಗಲ ಮೇಲೊಂದು ಕೈಯಿಟ್ಟುಕೊಂಡು ನಡೆಯುತ್ತವೆ. 1903ರಲ್ಲಿ ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರು ಮರಾಠವಾಡೆಯಲ್ಲಿ ಶಿಕ್ಷಕರಾಗಿ, ಹೈದರಾಬಾದ್ ಸಂಸ್ಥಾನದ ಬಹುಭಾಷಿಕ ಜನತೆಯ ಮುಂದಾಳುಗಳಾದದ್ದು ಇಂಥ ನೆಲದ ಮಗನಿಗೆ ಅಸಹಜವೆನಿಸಲಿಲ್ಲ. ಗೋವೆಗೆ ಕಟ್ಟಡದ ಕೆಲಸಕ್ಕೆ ಹೋದ ಮುದ್ದೇಬಿಹಾಳದ ಕಡೆಯ ಕುಟುಂಬದ ಹೆಣ್ಣುಮಗಳು, ಯಾವ ತರಗತಿಗೂ ಹೋಗದೆ, ಮೀನುಪೇಟೆಯಲ್ಲಿ ಕೊಂಕಣಿಯ ಜೊತೆಗೆ ಹೆಣಗುತ್ತ ಹೆಣಗುತ್ತಲೇ ಅದನ್ನು ಕಲಿತುಬಿಡುತ್ತಾಳೆ. ನಾವು ಅದನ್ನು ಭಾಷಾಭ್ಯಾಸವೆಂದು ಕರೆಯುವುದಿಲ್ಲ. ಪ್ರಮಾಣಪತ್ರವಿಲ್ಲದ ವಿದ್ಯೆಯನ್ನು ವಿದ್ಯೆಯೆಂದು ಒಪ್ಪುವ ಉದಾರತೆ ನಮ್ಮಲ್ಲಿ ಕಡಿಮೆ. ಆದರೆ ಅವಳ ಕಲಿಕೆಯೂ ಒಂದು ಗಡಿಯಲ್ಲಿ ನಿಂತುಬಿಡುತ್ತದೆ. ಪಗಾರದ ಪಾವತಿ, ಆಸ್ಪತ್ರೆಯ ಚೀಟಿ, ಬಾಡಿಗೆಯ ಕರಾರು ಇವುಗಳ ಮುಂದೆ ಆಕೆ ಮತ್ತೊಬ್ಬರ ಕಣ್ಣನ್ನು ಬೇಡಬೇಕಾಗುತ್ತದೆ. ಒಡನಾಟ ಕೊಡಲಾರದ್ದನ್ನು ಅಕ್ಷರವೇ ಕೊಡಬೇಕು, ಅಕ್ಷರಕ್ಕೆ ಕುಳಿತುಕೊಳ್ಳುವ ಹೊತ್ತು ಬೇಕು. ದಿನಗೂಲಿಯವರಿಗೆ ಆ ಹೊತ್ತನ್ನು ಒದಗಿಸಿಕೊಡುವ ಯೋಚನೆಯನ್ನು ಮುಂಬಯಿಯ ಕರಾವಳಿ ಕನ್ನಡಿಗರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಮಾಡಿ, ಹೋಟೆಲಿನಲ್ಲಿ ಹಗಲೆಲ್ಲ ದುಡಿದ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ತೆರೆದಿದ್ದರು.

ಒಡನಾಟವನ್ನೇ ಅಭ್ಯಾಸವನ್ನಾಗಿ ಮಾಡಿಕೊಂಡವರನ್ನು ನೋಡಬೇಕಾದರೆ ದೂರ ಹೋಗಬೇಕಿಲ್ಲ. ಹಿಂದೆ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ಗೆಳೆಯರು ಊರು ಬಿಡದೆಯೇ ಹೊರನಾಡಿನ ಸಾಹಿತ್ಯವನ್ನು ಓದಿದರು. ಅವರ ಓದು ಒಬ್ಬೊಬ್ಬನ ಕೋಣೆಯಲ್ಲಿ ನಡೆದುದಲ್ಲ, ಗೆಳೆತನದಲ್ಲಿ ನಡೆದುದು. ಬೀಸುವ, ಕುಟ್ಟುವ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಕೂಡಿಹಾಕಿ 1931ರಲ್ಲಿ 'ಗರತಿಯ ಹಾಡು' ಎಂಬ ಸಂಕಲನವನ್ನು ಅವರು ಹೊರತಂದಾಗ, ಓದುಬರಹ ಬಲ್ಲ ಕನ್ನಡಿಗರಿಗೆ ತಮ್ಮ ಭಾಷೆಯ ಅರ್ಧ ಸಂಪತ್ತು ಅಡುಗೆಮನೆಯಲ್ಲಿಯೇ ಉಳಿದುಹೋಗಿತ್ತೆಂಬುದು ಅರಿವಾಯಿತು. ಸ್ವಂತ ಭಾಷೆಗೇ ಇಷ್ಟು ಜನಸಂಗ ಬೇಕಾಗುವಾಗ ಪರಭಾಷೆಯ ಮಾತೇನು?

ಈಗ ಜರ್ಮನಿಗೆ ಬರೋಣ. ಯೂರೋಪಿನಲ್ಲಿ ಭಾಷೆಯ ಯೋಗ್ಯತೆಯನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ. ಕೌನ್ಸಿಲ್ ಆಫ್ ಯೂರೋಪ್ ಈ ಕ್ರಮವನ್ನು 2001ರಲ್ಲಿ ಪ್ರಕಟಿಸಿತು. ನಮ್ಮಲ್ಲಿ ನರ್ಸಿಂಗ್ ಓದಿದವರು ಅಲ್ಲಿ ಪೂರ್ಣ ಮಾನ್ಯತೆಯೊಡನೆ ಕೆಲಸ ಮಾಡಬೇಕಾದರೆ ಸಾಮಾನ್ಯವಾಗಿ ನಾಲ್ಕನೆಯ ಮೆಟ್ಟಿಲಾದ ಬಿ2ನ್ನು ಹತ್ತಿರಬೇಕು. ಅದಕ್ಕೆ 45 ನಿಮಿಷಗಳ 600ರಿಂದ 800 ಪಾಠಗಳು ಬೇಕಾದಾವೆಂದು ಜರ್ಮನ್ ಕಲಿಸುವ ಗಯಟೆ ಸಂಸ್ಥೆಯ ಅಂದಾಜು. ದಿನಕ್ಕೆ ಎರಡು ಗಂಟೆ ತಪ್ಪದೆ ಕುಳಿತರೆ ಏಳೆಂಟು ತಿಂಗಳಿಂದ ಹತ್ತು ತಿಂಗಳ ಕೆಲಸ. ರಾತ್ರಿಪಾಳಿ ಮುಗಿಸಿ ಬಂದ ದಾದಿಗೆ ಈ ಎರಡು ಗಂಟೆ ಎಲ್ಲಿಂದ ಬರಬೇಕು? ಆದಕಾರಣ ಅನೇಕರು ವಾರದ ಪಾಠವನ್ನೆಲ್ಲ ರವಿವಾರಕ್ಕೆ ಗುಡ್ಡೆ ಹಾಕಿಕೊಂಡು, ಅಂದಿನ ಅತಿಥಿಗಳನ್ನೂ ತಿರುಗಾಟವನ್ನೂ ತ್ಯಜಿಸಿ, ತಾವು ದೊಡ್ಡ ತ್ಯಾಗ ಮಾಡಿದೆವೆಂದು ಭಾವಿಸುತ್ತಾರೆ.

ಆ ತ್ಯಾಗ ಬಹುಪಾಲು ವ್ಯರ್ಥ. ಫ್ಲೀಟನ ಲಾವಣಿಗಳು ಅಚ್ಚಾಗತೊಡಗಿದ ಅದೇ 1885ರಲ್ಲಿ ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ಮನಃಶಾಸ್ತ್ರಜ್ಞನು ನೆನಪಿನ ಬಗೆಗೆ ತನ್ನ ಮೇಲೆ ತಾನೇ ನಡೆಸಿಕೊಂಡ ಪ್ರಯೋಗಗಳನ್ನು ಪ್ರಕಟಿಸಿದನು. ಕಲಿತದ್ದರಲ್ಲಿ ಬಹುಭಾಗ ಮೊದಲ ಕೆಲವು ಗಂಟೆಗಳಲ್ಲಿ, ಮೊದಲ ದಿನದಲ್ಲಿಯೇ ಮರೆತುಹೋಗುವುದೆಂದೂ, ಒಮ್ಮೆಲೇ ಉರುಹೊಡೆಯುವುದಕ್ಕಿಂತ ಬಿಟ್ಟುಬಿಟ್ಟು ಪುನರಾವರ್ತಿಸುವುದರಿಂದ ಕಡಿಮೆ ಶ್ರಮದಲ್ಲಿ ಹೆಚ್ಚು ನೆನಪುಳಿಯುವುದೆಂದೂ ಅವನು ತೋರಿಸಿದನು. ದಿನವೂ ಬೆಳಗ್ಗೆ ಅರ್ಧ ಗಂಟೆ, ಟ್ರ್ಯಾಮಿನಲ್ಲಿ ಕಾಲು ಗಂಟೆ, ಮಲಗುವ ಮುನ್ನ ಒಂದಷ್ಟು, ಹೀಗೆ ಚದುರಿಸಿಟ್ಟರೆ ರವಿವಾರ ತಾನಾಗಿಯೇ ಬಿಡುವಾಗುತ್ತದೆ. ಬಿಡುವಾದ ಆ ರವಿವಾರವನ್ನು ಯಾರೊಡನೆ ಕಳೆಯಬೇಕೆಂಬುದು ಮುಂದಿನ ಪ್ರಶ್ನೆ.

ನಾಲ್ವರು ಕನ್ನಡದ ಹುಡುಗರು ಒಂದು ಮನೆ ಹಿಡಿಯುತ್ತಾರೆ. ಒಬ್ಬ ಅನ್ನಕ್ಕಿಡುತ್ತಾನೆ, ಒಬ್ಬ ಸಾರು ಮಾಡುತ್ತಾನೆ, ಕಚೇರಿಯಲ್ಲಿ ಇಂಗ್ಲಿಷ್ ಸಾಗುತ್ತದೆ, ಪದರಿನಲ್ಲಿ ಹಣವೂ ಉಳಿಯುತ್ತದೆ. ಎರಡು ವರ್ಷವಾದ ಮೇಲೆ ಜರ್ಮನ್ ಭಾಷೆಯಲ್ಲಿ ನಮಸ್ಕಾರ, ಧನ್ಯವಾದಗಳ ಆಚೆಗೆ ಏನೂ ಬಾರದು. ಅವರನ್ನು ಹಳಿಯಲಾರೆ. ಚಳಿಗಾಲದಲ್ಲಿ ನಾಲ್ಕೂವರೆಗೆ ಕತ್ತಲಾಗುವ ಊರಿನಲ್ಲಿ, "ಯಾಕಪಾ, ಮಾರಿ ಯಾಕ ಸಣ್ಣ ಮಾಡೀದಿ?" ಎಂದು ಕೇಳುವ ಒಂದು ದನಿ ಔಷಧಕ್ಕೆ ಸಮಾನ; ಮೊದಲ ಆರು ತಿಂಗಳಲ್ಲಿ ಅದನ್ನು ಯಾರಾದರೂ ನಿಷೇಧಿಸಿದರೆ ಅದು ಕ್ರೌರ್ಯ. ಆದರೆ ಅಷ್ಟರಲ್ಲಿಯೇ ಸ್ಥಳೀಯರ ಒಂದು ಗುಂಪಿನೊಳಗೆ ಕಾಲಿಡುವುದು ಅವಶ್ಯ. ಜರ್ಮನಿಯಲ್ಲಿ ಊರೂರಿಗೆ ಆಟಕ್ಕೆ, ಹಾಡಿಗೆ, ತೋಟಕ್ಕೆ ಎಂದು ನೋಂದಾಯಿತ ಸಂಘಗಳಿವೆ. ನಗರಪಾಲಿಕೆಗಳ ಆಶ್ರಯದಲ್ಲಿ ಅಗ್ಗದ ಸಂಜೆತರಗತಿಗಳಿವೆ. ಕೈಗೆ ಕೆಲಸವಿರುವ ಸಂಘವನ್ನು ಆರಿಸಿಕೊಳ್ಳುವುದು ಜಾಣತನ, ಏಕೆಂದರೆ ಮಾತು ತಡವರಿಸಿದಾಗ ಕೈ ಮಾನ ಕಾಯುತ್ತದೆ. ಗರಡಿಮನೆಯಲ್ಲಿ ಬೆಳೆದ ಬಾಗೇವಾಡಿ ಸೀಮೆಯ ಹುಡುಗನು ಅಲ್ಲಿಯ ಕುಸ್ತಿಯ ಸಂಘಕ್ಕೆ ಹೋದರೆ, ಜರ್ಮನ್ ವಾಕ್ಯದಲ್ಲಿ ಕ್ರಿಯಾಪದ ತನ್ನ ಜಾಗಕ್ಕೆ ಬಾರದಿದ್ದರೂ ಎದುರಾಳಿಯ ಬೆನ್ನು ನೆಲಕ್ಕೆ ಹತ್ತುವುದು ನಿಲ್ಲುವುದಿಲ್ಲ.

ಎಲ್ಲರಿಗಿಂತ ಕಷ್ಟದ ಸ್ಥಿತಿ ಗಂಡನ ಬೆನ್ನು ಹತ್ತಿ ಹೋದ ಹೆಣ್ಣುಮಗಳದು. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸಂಗಾತಿಯ ವೀಸಾಕ್ಕೆ ಜರ್ಮನಿ ಎ1 ಮಟ್ಟದ ಭಾಷೆಯನ್ನು ಕೇಳುತ್ತದೆ; ಅಲ್ಲಿಗೆ ಹೋದ ಮೇಲೆ 600 ಗಂಟೆ ಭಾಷೆ, 100 ಗಂಟೆ ದೇಶಪರಿಚಯದ ಸರಕಾರಿ ತರಗತಿಯೂ ಉಂಟು. ಗಂಡನಿಗೆ ಕಚೇರಿಯ ಇಂಗ್ಲಿಷ್ ಸಾಕಾಗುವುದರಿಂದ, ಮನೆಯಲ್ಲಿ ಮೊದಲು ಜರ್ಮನ್ ಮಾತನಾಡಬೇಕಾಗಿ ಬರುವುದು ಇವಳಿಗೇ: ಕೂಸನ್ನು ಬಾಲವಾಡಿಗೆ ಬಿಡುವಾಗ, ಲಸಿಕೆ ಹಾಕಿಸುವಾಗ, ಹೊತ್ತಲ್ಲದ ಹೊತ್ತಿನಲ್ಲಿ ಮಿಕ್ಸರ್ ಹಚ್ಚಿದ್ದಕ್ಕೆ ಕೆಳಮನೆಯ ಮುದುಕಿ ಬಂದು ಬಾಗಿಲು ತಟ್ಟಿದಾಗ. ಆ ಮುದುಕಿಯ ಮುಂದೆ ಬಾಗಿಲು ಮುಚ್ಚದೆ, ಒಡಕು ವಾಕ್ಯಗಳಲ್ಲಿಯಾದರೂ ಕ್ಷಮೆ ಕೇಳಿ, ಒಳಗೆ ಕರೆದು ಕೂರಿಸಿ ಒಂದು ಶೇಂಗಾ ಹೋಳಿಗೆ ಕೊಟ್ಟವಳಿಗೆ ವಾರಕ್ಕೆ ಎರಡು ಸಲ ಪುಕ್ಕಟೆ ಪಾಠ ಹೇಳುವ ಗುರು ದೊರೆತಂತಾಯಿತು. ತಪ್ಪು ತಿದ್ದುವುದರಲ್ಲಿ ಒಂಟಿ ಮುದುಕಿಯರಷ್ಟು ತಾಳ್ಮೆಯುಳ್ಳ ಶಿಕ್ಷಕರನ್ನು ಯಾವ ಸರಕಾರವೂ ನೇಮಿಸಲಾರದು. ನವೆಂಬರ್ ಬಂದಾಗ ಅಲ್ಲಿಯ ಕನ್ನಡ ಕೂಟಗಳು ರಾಜ್ಯೋತ್ಸವಕ್ಕೆ ಸಭಾಭವನ ಗೊತ್ತು ಮಾಡುತ್ತವೆ, ಮಕ್ಕಳಿಗೆ ಹಾಡು ಕಲಿಸುತ್ತವೆ, ನಮ್ಮವರು ನಮ್ಮವರಿಗೇ ಬಡಿಸುತ್ತಾರೆ. ಆ ಪಂಕ್ತಿಯಲ್ಲಿ ಕೆಳಮನೆಯ ಆ ಮುದುಕಿಗೂ ಬಾಲವಾಡಿಯ ಶಿಕ್ಷಕಿಗೂ ಎರಡು ಎಲೆ ಹೆಚ್ಚು ಹಾಕಲು ಕೂಟದ ಪದಾಧಿಕಾರಿಗಳಿಗೆ ಖರ್ಚೇನೂ ಬಹಳ ಬಾರದು.